ಸ್ಕಿಜೋಫ್ರೇನಿಯಾ

ಸ್ಕಿಜೋಫ್ರೇನಿಯಾ ಆಲೋಚನೆ, ಇಂದ್ರಿಯಾನುಭವ, ಭಾವನೆ ಮತ್ತು ನಡವಳಿಕೆಗಳನ್ನು ಒಟ್ಟಿಗೇ ಕೆಡಿಸುವ ತೀವ್ರ ಸ್ವರೂಪದ ಮನೋರೋಗ. ಸಾಮಾನ್ಯವಾಗಿ ಹರೆಯದ ಕೊನೆಯಲ್ಲಿ ಇಲ್ಲವೇ ಯೌವನದ ಆರಂಭದಲ್ಲಿ ತಲೆದೋರಿ ದೀರ್ಘಕಾಲ ಉಳಿಯುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ತನಗೆ ಯಾರೋ ಕೇಡು ಬಗೆಯುತ್ತಿದ್ದಾರೆಂದು ಅಲುಗದೆ ನಂಬುವುದು, ಮಾತಿನ ಎಳೆ ತಪ್ಪುವುದು, ಉತ್ಸಾಹ ಬತ್ತಿ ಮೂಲೆ ಸೇರುವುದು ಇದರ ಮುಖ್ಯ ಚಹರೆಗಳು. ಕನ್ನಡ ಬರಹಗಳಲ್ಲಿ ಇದನ್ನು ಛಿದ್ರಮನಸ್ಕತೆ, ಚಿತ್ತವಿಕಲತೆ ಎಂದೂ ಕರೆದಿರುವುದುಂಟು. ಒಬ್ಬನೇ ವ್ಯಕ್ತಿ ಇಬ್ಬರಾಗಿ ವರ್ತಿಸುವ ಸ್ಥಿತಿಗೂ ಈ ರೋಗಕ್ಕೂ ಸಂಬಂಧವಿಲ್ಲ.

ಈ ಲೇಖನದಲ್ಲಿ ಹೊರಗಿನ ಪ್ರಚೋದನೆಯಿಲ್ಲದೆ ಕೇಳಿಸುವ, ಕಾಣುವ, ಮೂಗಿಗೆ ಬಡಿಯುವ ಅನುಭವಕ್ಕೆ 'ಇಂದ್ರಿಯಭ್ರಮೆ' ಎಂದೂ, ಎಷ್ಟೇ ಪುರಾವೆ ಕೊಟ್ಟರೂ ಬದಲಾಗದ ತಪ್ಪು ನಂಬಿಕೆಗೆ 'ಹುಸಿನಂಬಿಕೆ' ಎಂದೂ, ಇವೆರಡರಿಂದ ವಾಸ್ತವದ ಅರಿವು ತಪ್ಪಿದ ಸ್ಥಿತಿಗೆ 'ಸೈಕೋಸಿಸ್' ಎಂದೂ ಬಳಸಲಾಗಿದೆ.

ಇತಿಹಾಸ

ಹುಚ್ಚಿನ ವರ್ಣನೆಗಳು ಎಲ್ಲ ಪ್ರಾಚೀನ ವೈದ್ಯಪದ್ಧತಿಗಳಲ್ಲೂ ಇವೆ. ಚರಕ, ಸುಶ್ರುತ ಸಂಹಿತೆಗಳು ಉನ್ಮಾದವನ್ನು ಪ್ರತ್ಯೇಕವಾಗಿ ಚರ್ಚಿಸುತ್ತವೆ. ಆದರೆ ಇಂದು ಸ್ಕಿಜೋಫ್ರೇನಿಯಾ ಎನ್ನುವ ರೋಗದ ಗಡಿಗಳನ್ನು ಗುರುತಿಸಿದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯರು. ಎವಾಲ್ಡ್ ಹೆಕರ್ 1871ರಲ್ಲಿ ಮಾತು-ನಡವಳಿಕೆಗಳು ಅಸ್ತವ್ಯಸ್ತವಾಗುವ ಹೆಬೆಫ್ರೇನಿಯಾವನ್ನೂ ಕಾರ್ಲ್ ಕಾಲ್‌ಬೌಮ್ 1874ರಲ್ಲಿ ಮೈಕೈ ಸೆಟೆಯುವ ಕ್ಯಾಟಟೋನಿಯಾವನ್ನೂ ಬೇರೆ ಬೇರೆ ರೋಗಗಳೆಂದು ವರ್ಣಿಸಿದರು. ಶತಮಾನ ಮುಗಿಯುವ ಹೊತ್ತಿಗೆ ಎಮಿಲ್ ಕ್ರೇಪೆಲಿನ್ ಇವನ್ನೂ ಸಂಶಯಪ್ರಧಾನ ಉನ್ಮಾದವನ್ನೂ 'ಡಿಮೆನ್ಷಿಯಾ ಪ್ರೀಕಾಕ್ಸ್', ಅಂದರೆ ಚಿಕ್ಕ ವಯಸ್ಸಿಗೇ ಬರುವ ಬುದ್ಧಿಕ್ಷಯ, ಎಂಬ ಒಂದೇ ರೋಗದ ಅಡಿ ತಂದರು. ಆಗಾಗ ಬಂದು ಪೂರ್ತಿ ಇಳಿದುಹೋಗುವ ಉನ್ಮಾದ-ಖಿನ್ನತೆಯಿಂದ ಇದನ್ನು ಬೇರ್ಪಡಿಸಿದ್ದು ಅವರ ದೊಡ್ಡ ಕೊಡುಗೆ.

ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ 1908ರ ಬರ್ಲಿನ್ ಉಪನ್ಯಾಸದಲ್ಲಿ ಮತ್ತು 1911ರ ಗ್ರಂಥದಲ್ಲಿ ಕ್ರೇಪೆಲಿನ್ನರ ಹೆಸರನ್ನು ಕೈಬಿಟ್ಟರು. ರೋಗ ಎಲ್ಲರಲ್ಲೂ ಚಿಕ್ಕ ವಯಸ್ಸಿಗೇ ಬರುವುದಿಲ್ಲ, ಎಲ್ಲರಲ್ಲೂ ಬುದ್ಧಿಕ್ಷಯದಲ್ಲಿ ಮುಗಿಯುವುದೂ ಇಲ್ಲ ಎಂಬುದು ಅವರ ವಾದ. ಆಲೋಚನೆ, ಭಾವನೆ, ಇಚ್ಛೆಗಳ ನಡುವಿನ ಹೊಂದಾಣಿಕೆ ಒಡೆಯುವುದೇ ರೋಗದ ತಿರುಳೆಂದು ಭಾವಿಸಿ ಅವರು ಈಗಿನ ಹೆಸರನ್ನಿಟ್ಟರು. ಮುಂದೆ ಕುರ್ಟ್ ಶ್ನೈಡರ್ ರೋಗನಿರ್ಣಯಕ್ಕೆ ವಿಶೇಷ ತೂಕವುಳ್ಳ ಲಕ್ಷಣಗಳನ್ನು 'ಪ್ರಥಮ ಶ್ರೇಣಿಯ ಲಕ್ಷಣಗಳು' ಎಂದು ಪಟ್ಟಿಮಾಡಿದರು. ಕಳಂಕ ತಗ್ಗಿಸಲೆಂದು ಜಪಾನ್ 2002ರಲ್ಲಿ ತನ್ನ ಭಾಷೆಯಲ್ಲಿ ರೋಗದ ಹೆಸರನ್ನೇ ಬದಲಾಯಿಸಿತು. ದಕ್ಷಿಣ ಕೊರಿಯಾ ಅದೇ ದಾರಿ ಹಿಡಿಯಿತು.

ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ 300 ಮಂದಿಗೆ ಒಬ್ಬರಂತೆ, ಈ ರೋಗವಿದೆ. ರೋಗ ಗಂಡಸರಲ್ಲಿ ತುಸು ಹೆಚ್ಚು. ಅವರಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರೊಳಗೆ ಕಾಣಿಸಿಕೊಳ್ಳುವುದೇ ಅಧಿಕ. ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಬರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಹೊಸ ಪ್ರಕರಣಗಳು ಮತ್ತೊಮ್ಮೆ ಏರುತ್ತವೆ. ಹನ್ನೆರಡು ವರ್ಷಕ್ಕೆ ಮೊದಲು ಕಾಣಿಸುವುದು ಬಲು ವಿರಳ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಮುಂದಾಳುತನದಲ್ಲಿ ಭಾರತದ ಹನ್ನೆರಡು ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸ್ಕಿಜೋಫ್ರೇನಿಯಾ ಮತ್ತು ಇತರ ಸೈಕೋಸಿಸ್‌ಗಳನ್ನು ಜೀವಮಾನದಲ್ಲಿ ಒಮ್ಮೆಯಾದರೂ ಅನುಭವಿಸಿದವರು ವಯಸ್ಕರಲ್ಲಿ ಶೇ. 1.4. ಇವರಲ್ಲಿ ಚಿಕಿತ್ಸೆಯಿಂದ ಹೊರಗುಳಿದವರು ಸುಮಾರು ಶೇ. 75.

ಲಕ್ಷಣಗಳು

ಲಕ್ಷಣಗಳನ್ನು ಧನಾತ್ಮಕ, ಋಣಾತ್ಮಕ, ಅರಿವಿನ ಕೊರತೆ ಎಂದು ಮೂರು ಗುಂಪು ಮಾಡುವುದು ರೂಢಿ. ಆರೋಗ್ಯವಂತರಲ್ಲಿ ಇಲ್ಲದ್ದು ಬಂದು ಸೇರಿದರೆ ಧನಾತ್ಮಕ, ಇರಬೇಕಾದದ್ದು ಇಲ್ಲವಾದರೆ ಋಣಾತ್ಮಕ.

ಧನಾತ್ಮಕ ಲಕ್ಷಣಗಳಲ್ಲಿ ಇಂದ್ರಿಯಭ್ರಮೆ ಪ್ರಮುಖ. ಅದರಲ್ಲೂ ಧ್ವನಿಗಳು. ರೋಗಿಗೆ ಇವು ಮನಸ್ಸಿನ ಮಾತಿನಂತೆ ಅಲ್ಲ, ಪಕ್ಕದ ಕೋಣೆಯಿಂದ, ಗೋಡೆಯಾಚೆಯಿಂದ, ಮಾಡಿನ ಮೇಲಿಂದ ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ. ಇಬ್ಬರು ತನ್ನ ಬಗ್ಗೆಯೇ ಆಡಿಕೊಳ್ಳುವುದು, 'ಈಗ ಎದ್ದ, ಈಗ ಲೋಟ ಹಿಡಿದ' ಎಂದು ಪ್ರತಿ ಚಲನೆಗೂ ಟೀಕೆ ಬರುವುದು, ಬೈಗುಳ, ಅಪ್ಪಣೆ, ಇವು ಸಾಮಾನ್ಯ. ಒಬ್ಬರೇ ಕುಳಿತು ಪಿಸುಗುಟ್ಟುವುದು, ಕಾರಣವಿಲ್ಲದೆ ನಗುವುದು, ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಈ ಧ್ವನಿಗಳಿಗೆ ರೋಗಿ ಕೊಡುವ ಪ್ರತಿಕ್ರಿಯೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದೂ ಇದೇ.

ಹುಸಿನಂಬಿಕೆಗಳು ಬಗೆಬಗೆಯವು. ಊಟದಲ್ಲಿ ವಿಷ ಬೆರೆಸಿದ್ದಾರೆ, ಪೊಲೀಸರು ಹಿಂಬಾಲಿಸುತ್ತಿದ್ದಾರೆ ಎಂಬ ಪೀಡನೆಯ ನಂಬಿಕೆ ಎಲ್ಲಕ್ಕಿಂತ ಹೆಚ್ಚು. ಟಿ.ವಿ.ಯಲ್ಲಿ ವಾರ್ತೆ ಓದುವವರು ತನ್ನನ್ನೇ ಕುರಿತು ಹೇಳುತ್ತಿದ್ದಾರೆ ಎಂಬ ನಂಬಿಕೆಯೂ ಉಂಟು. ತಾನು ಯೋಚಿಸಿದ್ದು ತಕ್ಷಣ ಎಲ್ಲರಿಗೂ ತಿಳಿದುಬಿಡುತ್ತದೆ, ಯಾರೋ ತನ್ನ ತಲೆಗೆ ವಿಚಾರ ತುರುಕುತ್ತಾರೆ ಅಥವಾ ಕದಿಯುತ್ತಾರೆ, ತನ್ನ ಕೈಕಾಲನ್ನು ಹೊರಗಿನ ಶಕ್ತಿ ಆಡಿಸುತ್ತಿದೆ ಎಂಬ ಅನುಭವಗಳು ಶ್ನೈಡರ್ ಪಟ್ಟಿಯಲ್ಲಿವೆ. ನಂಬಿಕೆಯ ಹೂರಣವನ್ನು ಕಾಲ ಮತ್ತು ಸಮಾಜ ಒದಗಿಸುತ್ತವೆ. ಮಾಟ, ಕೈಮದ್ದುಗಳ ಜಾಗಕ್ಕೆ ಈಗ ಮೊಬೈಲು, ಉಪಗ್ರಹ, ದೇಹದೊಳಗೆ ಇಟ್ಟ ಚಿಪ್ ಬಂದಿವೆ. ನಂಬಿಕೆಯ ರಚನೆ ಮಾತ್ರ ಬದಲಾಗಿಲ್ಲ. ಮಾತಿನ ಅಸ್ತವ್ಯಸ್ತತೆಯಲ್ಲಿ ಒಂದು ವಾಕ್ಯಕ್ಕೂ ಮುಂದಿನದಕ್ಕೂ ಕೊಂಡಿ ಕಳಚುತ್ತದೆ. ತೀವ್ರವಾದಾಗ ಪದಗಳ ರಾಶಿಯಷ್ಟೇ ಉಳಿಯುತ್ತದೆ.

ಋಣಾತ್ಮಕ ಲಕ್ಷಣಗಳು ಸದ್ದಿಲ್ಲದವು. ಮುಖದಲ್ಲಿ ಭಾವ ಕಾಣದು, ಧ್ವನಿ ಏಕತಾನ, ಮಾತು ಒಂದೆರಡು ಪದಕ್ಕೆ ಸೀಮಿತ. ಸ್ನಾನ, ಬಟ್ಟೆ, ಕೆಲಸ, ಗೆಳೆತನ ಯಾವುದರಲ್ಲೂ ಮನಸ್ಸಿಲ್ಲ. ಇವನ್ನು ಸೋಮಾರಿತನ, ಕೊಬ್ಬು ಎಂದು ಮನೆಮಂದಿ ತಪ್ಪಾಗಿ ತಿಳಿಯುವುದು ಬಹಳ. ಅರಿವಿನ ಕೊರತೆಯಲ್ಲಿ ಗಮನ, ಕ್ಷಣಿಕ ನೆನಪು, ಯೋಜಿಸುವ ಶಕ್ತಿ, ಎದುರಿನವರ ಮುಖಭಾವ ಓದುವ ಶಕ್ತಿ ತಗ್ಗುತ್ತವೆ. ಧ್ವನಿಗಳು ನಿಂತ ಮೇಲೂ ರೋಗಿಯನ್ನು ಓದು, ಉದ್ಯೋಗಗಳಿಂದ ದೂರವಿಡುವುದು ಬಹುಪಾಲು ಈ ಎರಡು ಗುಂಪುಗಳೇ. ತನಗೆ ಕಾಯಿಲೆಯಿದೆ ಎಂಬ ಅರಿವು ಅನೇಕರಲ್ಲಿ ಇರುವುದಿಲ್ಲ. ಇದು ಹಟವಲ್ಲ, ರೋಗದ್ದೇ ಒಂದು ಭಾಗ.

ಸೈಕೋಸಿಸ್ ಸ್ಪಷ್ಟವಾಗುವ ಮೊದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪೂರ್ವಾವಸ್ಥೆ ಇರುತ್ತದೆ: ನಿದ್ದೆ ಕೆಡುವುದು, ಅಂಕ ಇಳಿಯುವುದು, ಗೆಳೆಯರನ್ನು ಬಿಡುವುದು, ಹೇಳಲಾಗದ ಸಂಶಯ.

ಬಗೆಗಳು

ಸಂಶಯಪ್ರಧಾನ, ಹೆಬೆಫ್ರೇನಿಕ್, ಕ್ಯಾಟಟೋನಿಕ್, ಸರಳ, ಅವಶಿಷ್ಟ ಎಂಬ ಹಳೆಯ ವಿಂಗಡಣೆ ಬಹುಕಾಲ ಬಳಕೆಯಲ್ಲಿತ್ತು. ಒಬ್ಬರೇ ರೋಗಿ ಕಾಲಕಾಲಕ್ಕೆ ಒಂದು ಬಗೆಯಿಂದ ಇನ್ನೊಂದಕ್ಕೆ ಸರಿಯುವುದರಿಂದಲೂ ಚಿಕಿತ್ಸೆಯ ಆಯ್ಕೆಗೆ ಇವು ನೆರವಾಗದ್ದರಿಂದಲೂ ಅಮೆರಿಕದ ಮನೋವೈದ್ಯ ಸಂಘದ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಇವನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕೂಡ ಕೈಬಿಟ್ಟಿದೆ. ಮೈಕೈ ಸೆಟೆದು, ಕೂರಿಸಿದ ಭಂಗಿಯಲ್ಲೇ ಗಂಟೆಗಟ್ಟಲೆ ಉಳಿಯುವ ಕ್ಯಾಟಟೋನಿಯಾ ಇತರ ಮನೋರೋಗ, ದೇಹರೋಗಗಳಲ್ಲೂ ಬರುವುದರಿಂದ ಅದಕ್ಕೆ ಈಗ ಸ್ವತಂತ್ರ ಸ್ಥಾನವಿದೆ.

ಕಾರಣಗಳು

ಒಂದೇ ಕಾರಣ ಇಲ್ಲ. ಅನುವಂಶೀಯತೆಯ ಪಾಲು ದೊಡ್ಡದು: ಅವಳಿಗಳ ಅಧ್ಯಯನಗಳು ಇದನ್ನು ಸುಮಾರು ಶೇ. 80 ಎಂದು ಅಂದಾಜಿಸುತ್ತವೆ. ಸಾಮಾನ್ಯರಿಗೆ ಜೀವಮಾನದಲ್ಲಿ ನೂರಕ್ಕೆ ಒಂದರಷ್ಟಿರುವ ಸಂಭವ, ತಂದೆ ಅಥವಾ ತಾಯಿಗೆ ರೋಗವಿದ್ದರೆ ನೂರಕ್ಕೆ ಹತ್ತರ ಆಸುಪಾಸಿಗೆ, ಇಬ್ಬರಿಗೂ ಇದ್ದರೆ ನಲವತ್ತರ ಆಸುಪಾಸಿಗೆ ಏರುತ್ತದೆ. ಆದರೆ ಜೀನುಗಳೆಲ್ಲ ಒಂದೇ ಆಗಿರುವ ಏಕಾಂಡ ಅವಳಿಗಳಲ್ಲೂ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೆ ಬರುವ ಸಂಭವ ಅರ್ಧಕ್ಕಿಂತ ಹೆಚ್ಚಿಲ್ಲ. ತಂದೆ ಅಥವಾ ತಾಯಿಯೊಬ್ಬರಿಗೆ ರೋಗವಿದ್ದ ಮಕ್ಕಳಲ್ಲೂ ಹೆಚ್ಚಿನವರು ಆರೋಗ್ಯವಂತರಾಗಿಯೇ ಬಾಳುತ್ತಾರೆ.

ರೋಗಕ್ಕೆ 'ಒಂದು ಜೀನ್' ಸಿಕ್ಕಿಲ್ಲ, ಸಿಗುವ ಸಂಭವವೂ ಇಲ್ಲ. 2014ರ ಅಂತರರಾಷ್ಟ್ರೀಯ ಅಧ್ಯಯನವೊಂದು ಜೀನೋಮಿನ 108 ತಾಣಗಳನ್ನು ರೋಗದೊಂದಿಗೆ ತಳುಕುಹಾಕಿತು. 2022ರಲ್ಲಿ ಈ ಸಂಖ್ಯೆ 287ಕ್ಕೆ ಏರಿತು. ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ, ಸೇರಿದಾಗ ಮಾತ್ರ ಗಣನೀಯ. ಇದಕ್ಕೆ ಹೊರತಾದ ವಿರಳ ಬದಲಾವಣೆಗಳೂ ಇವೆ. 22ನೆಯ ವರ್ಣತಂತುವಿನ ಒಂದು ಸಣ್ಣ ತುಣುಕು ಕಳೆದುಹೋದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಸೈಕೋಸಿಸ್ ಬರುತ್ತದೆ.

ಪರಿಸರದ ಅಂಶಗಳು ಗರ್ಭದಿಂದಲೇ ಶುರುವಾಗುತ್ತವೆ. 1944-45ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ನೆದರ್ಲೆಂಡಿನಲ್ಲಿ ಬಂದ ಹಸಿವಿನ ಹೊತ್ತಿಗೆ ಗರ್ಭದಲ್ಲಿದ್ದ ಶಿಶುಗಳಲ್ಲಿ ಮುಂದೆ ಈ ರೋಗ ಸುಮಾರು ಎರಡು ಪಟ್ಟಾಯಿತು. 1959-61ರ ಚೀನಾದ ಕ್ಷಾಮದಲ್ಲೂ ಅದೇ ಕಂಡಿತು. ಹೆರಿಗೆಯಲ್ಲಿ ಶಿಶುವಿಗೆ ಆಮ್ಲಜನಕದ ಕೊರತೆ, ಗರ್ಭಿಣಿಗೆ ತಗುಲಿದ ಸೋಂಕು, ತಂದೆಯ ಹೆಚ್ಚಿದ ವಯಸ್ಸು, ಬಾಲ್ಯದ ದೌರ್ಜನ್ಯ, ವಲಸೆ, ಪಾಶ್ಚಾತ್ಯ ದೇಶಗಳಲ್ಲಿ ಮಹಾನಗರದ ಬಾಳು ಸಂಭವವನ್ನು ಹೆಚ್ಚಿಸುತ್ತವೆ. ಗಾಂಜಾ ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಸ್ವೀಡನ್ನಿನ ಸೈನ್ಯಕ್ಕೆ ಸೇರಿದ ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಿಂದ ಮೊದಲ್ಗೊಂಡು, ಎಳೆಯ ವಯಸ್ಸಿನಲ್ಲಿ ಹೆಚ್ಚು ಸೇದಿದಷ್ಟೂ ಅಪಾಯ ಹೆಚ್ಚೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ತಾಯಿಯ ಸಾಕಣೆಯ ದೋಷವೇ ಕಾರಣವೆಂದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹಬ್ಬಿದ್ದ ವಾದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಅದು ತಾಯಂದಿರಿಗೆ ಮಾಡಿದ ಅನ್ಯಾಯ.

ನರಜೀವವಿಜ್ಞಾನ

ಡೋಪಮಿನ್. ಅರ್ವಿಡ್ ಕಾರ್ಲ್‌ಸನ್ ಮತ್ತು ಮಾರ್ಗಿಟ್ ಲಿಂಡ್‌ಕ್ವಿಸ್ಟ್ 1963ರಲ್ಲಿ ಸೈಕೋಸಿಸ್ ನಿವಾರಕ ಔಷಧಗಳು ಮಿದುಳಿನ ಡೋಪಮಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆಂಬ ಸುಳಿವು ಕೊಟ್ಟರು. 1970ರ ದಶಕದ ನಡುವಿನಲ್ಲಿ ಫಿಲಿಪ್ ಸೀಮನ್, ಸಾಲೊಮನ್ ಸ್ನೈಡರ್ ಮೊದಲಾದವರು, ಯಾವ ಔಷಧ ಡೋಪಮಿನ್ನಿನ ಡಿ2 ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೋ ಅಷ್ಟು ಕಡಿಮೆ ಪ್ರಮಾಣದಲ್ಲಿ ಗುಣ ಕೊಡುತ್ತದೆ ಎಂದು ತೋರಿಸಿದರು. ಡೋಪಮಿನ್ ಬಿಡುಗಡೆ ಮಾಡುವ ಆಂಫೆಟಮಿನ್ ಆರೋಗ್ಯವಂತರಲ್ಲೂ ಸಂಶಯದ ಸೈಕೋಸಿಸ್ ತರುತ್ತದೆ. ಪೆಟ್ ಸ್ಕ್ಯಾನ್ ಬಂದ ಮೇಲೆ, ರೋಗಿಗಳ ಮಿದುಳಿನಾಳದ ಸ್ಟ್ರೈಯೇಟಮ್ ಭಾಗದಲ್ಲಿ ನರಕೋಶಗಳು ಡೋಪಮಿನ್ನನ್ನು ಹೆಚ್ಚು ತಯಾರಿಸಿ ಹೆಚ್ಚು ಸುರಿಸುತ್ತವೆ ಎಂಬುದು ನೇರವಾಗಿ ಕಂಡುಬಂತು. ಪೂರ್ವಾವಸ್ಥೆಯಲ್ಲಿದ್ದವರಲ್ಲೂ ಈ ಏರಿಕೆಯನ್ನು ಗುರುತಿಸಲಾಗಿದೆ.

ಸುತ್ತಲಿನ ನೂರಾರು ಸಂಗತಿಗಳಲ್ಲಿ ಯಾವುದು ಮುಖ್ಯ ಎಂದು ಮಿದುಳಿಗೆ ಗುರುತು ಹಾಕಿಕೊಡುವುದು ಡೋಪಮಿನ್ನಿನ ಕೆಲಸಗಳಲ್ಲೊಂದು. ಅದು ಹೊತ್ತಲ್ಲದ ಹೊತ್ತಿನಲ್ಲಿ ಸುರಿದಾಗ ದಾರಿಹೋಕನ ಕೆಮ್ಮು, ವಾಹನದ ನಂಬರು, ಎದುರುಮನೆಯ ದೀಪ ಎಲ್ಲವೂ ತನಗೆ ಸಂಬಂಧಿಸಿದ್ದೆಂಬ ಭಾರ ಪಡೆಯುತ್ತವೆ. ಆ ಭಾರಕ್ಕೆ ಅರ್ಥ ಕಟ್ಟುವ ಪ್ರಯತ್ನವೇ ಹುಸಿನಂಬಿಕೆ ಎಂಬುದು ಈಗ ಹೆಚ್ಚು ಮನ್ನಣೆ ಪಡೆದ ವಿವರಣೆ. ಇದಕ್ಕೆ ಪ್ರತಿಯಾಗಿ ಮಿದುಳಿನ ಮುಂಭಾಗದ ತೊಗಟೆಯಲ್ಲಿ ಡೋಪಮಿನ್ ಚಟುವಟಿಕೆ ತಗ್ಗಿರುತ್ತದೆ. ಋಣಾತ್ಮಕ ಲಕ್ಷಣಗಳಿಗೂ ಅರಿವಿನ ಕೊರತೆಗೂ ಇದು ಒಂದು ಕಾರಣವೆಂದು ಎಣಿಸಲಾಗಿದೆ. ಡಿ2 ತಡೆಯುವ ಮಾತ್ರೆಗಳು ಧ್ವನಿಗಳನ್ನು ನಿಲ್ಲಿಸಿದರೂ ಉತ್ಸಾಹವನ್ನು ಮರಳಿಸದಿರುವುದು ಈ ಚಿತ್ರಕ್ಕೆ ಹೊಂದುತ್ತದೆ.

ಗ್ಲುಟಮೇಟ್ ಮತ್ತು ಗಾಬಾ. ಫೆನ್‌ಸೈಕ್ಲಿಡೀನ್ ಮತ್ತು ಅರಿವಳಿಕೆಗೆ ಬಳಸುವ ಕೆಟಮಿನ್ ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತವೆ. ಇವು ಆರೋಗ್ಯವಂತರಲ್ಲಿ ತಾತ್ಕಾಲಿಕವಾಗಿ ಧನಾತ್ಮಕ, ಋಣಾತ್ಮಕ, ಅರಿವಿನ ಲಕ್ಷಣಗಳನ್ನು ಮೂರನ್ನೂ ಉಂಟುಮಾಡುತ್ತವೆ. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ ವರ್ಣಿಸಿದ ಮಿದುಳಿನ ಉರಿಯೂತವೊಂದರಲ್ಲಿ ದೇಹದ ಪ್ರತಿಕಾಯಗಳು ಇದೇ ಗ್ರಾಹಕದ ಮೇಲೆರಗುತ್ತವೆ. ಅನೇಕರಲ್ಲಿ ಈ ಉರಿಯೂತ ಶುರುವಾಗುವುದು ಸ್ಕಿಜೋಫ್ರೇನಿಯಾವನ್ನೇ ಹೋಲುವ ಸೈಕೋಸಿಸ್‌ನಿಂದ. ಮರಣಾನಂತರ ಪರೀಕ್ಷಿಸಿದ ಮಿದುಳುಗಳಲ್ಲಿ, ನರಕೋಶಗಳ ಸಂದೇಶಗಳನ್ನು ಒಂದೇ ಲಯಕ್ಕೆ ತರುವ ಗಾಬಾ ಕೋಶಗಳು ದುರ್ಬಲವಾಗಿರುವುದು ಕಂಡಿದೆ. ಎನ್‌ಎಂಡಿಎ ಗ್ರಾಹಕದ ದೋಷ ಈ ಕೋಶಗಳನ್ನು ಕುಂದಿಸಿ, ಅದರ ಪರಿಣಾಮವಾಗಿ ಕೆಳಗಿನ ಡೋಪಮಿನ್ ವ್ಯವಸ್ಥೆ ಹದ ತಪ್ಪುತ್ತದೆ ಎಂದು ಎರಡು ಸಿದ್ಧಾಂತಗಳನ್ನೂ ಹೆಣೆಯುವ ಯತ್ನ ನಡೆದಿದೆ.

ರಚನೆ ಮತ್ತು ಬೆಳವಣಿಗೆ. ಲಂಡನ್ನಿನ ಈವ್ ಜಾನ್‌ಸ್ಟೋನ್ ತಂಡ 1976ರಲ್ಲಿ ಸಿ.ಟಿ. ಸ್ಕ್ಯಾನ್ ಮೂಲಕ, ದೀರ್ಘಕಾಲದ ರೋಗಿಗಳಲ್ಲಿ ಮಿದುಳಿನೊಳಗಿನ ದ್ರವಕೋಣೆಗಳು ಹಿಗ್ಗಿರುವುದನ್ನು ತೋರಿಸಿತು. ಇದು ಮಿದುಳಿನ ರೋಗವೆಂಬುದಕ್ಕೆ ಜೀವಂತ ರೋಗಿಯಲ್ಲಿ ಸಿಕ್ಕ ಮೊದಲ ಬಲವಾದ ಸಾಕ್ಷ್ಯಗಳಲ್ಲಿ ಅದೂ ಒಂದು. ನಂತರದ ಎಂ.ಆರ್.ಐ. ಅಧ್ಯಯನಗಳು ಹಿಪ್ಪೊಕ್ಯಾಂಪಸ್ ಕುಗ್ಗಿರುವುದನ್ನೂ ಮುಂಭಾಗ ಮತ್ತು ಟೆಂಪೊರಲ್ ಹಾಲೆಗಳ ತೊಗಟೆ ತೆಳುವಾಗಿರುವುದನ್ನೂ ದೃಢಪಡಿಸಿವೆ. ಇವು ಗುಂಪಿನ ಸರಾಸರಿಯಲ್ಲಿ ಕಾಣುವ ವ್ಯತ್ಯಾಸಗಳು. ಒಬ್ಬ ರೋಗಿಯ ಸ್ಕ್ಯಾನ್ ನೋಡಿ ರೋಗ ಇದ್ದೇ ಇದೆ ಎನ್ನಲಾಗದು.

1987ರಲ್ಲಿ ಡೇನಿಯಲ್ ವೈನ್‌ಬರ್ಗರ್ ಅಮೆರಿಕದಲ್ಲಿ, ರಾಬಿನ್ ಮರ್ರಿ ಮತ್ತು ಶಾನ್ ಲೂಯಿಸ್ ಬ್ರಿಟನ್ನಿನಲ್ಲಿ, ರೋಗದ ಬೇರು ಮಿದುಳಿನ ಬೆಳವಣಿಗೆಯಲ್ಲೇ ಇದೆಯೆಂದು ವಾದಿಸಿದರು. ಗರ್ಭದಲ್ಲೋ ಎಳವೆಯಲ್ಲೋ ಆದ ಏರುಪೇರು ಹರೆಯದವರೆಗೆ ಮರೆಯಲ್ಲಿರುತ್ತದೆ. ಹರೆಯದಲ್ಲಿ ಮಿದುಳು ಬೇಡದ ಸಿನಾಪ್ಸ್‌ಗಳನ್ನು, ಅಂದರೆ ನರಕೋಶಗಳು ಸಂದೇಶ ದಾಟಿಸುವ ಸಂಧಿಗಳನ್ನು, ಸವರಿ ಹಾಕುವುದು ಸಹಜ ಕ್ರಿಯೆ. ಹೆಚ್ಚು ಕಾಯಿ ಕಟ್ಟಲೆಂದು ಗಿಡದ ಕುಡಿ ಚಿವುಟುವಂತೆ ಅದೂ ಅಗತ್ಯವೇ. ಮಿತಿ ಮೀರಿದರೆ ಹಾನಿ. 2016ರಲ್ಲಿ ಪ್ರಕಟವಾದ ಸಂಶೋಧನೆ ಈ ವಾದಕ್ಕೆ ಅಣುಮಟ್ಟದ ಬೆಂಬಲ ಕೊಟ್ಟಿತು: ಸೋಂಕಿನ ವಿರುದ್ಧ ಕೆಲಸ ಮಾಡುವ ಸಿ4 ಎಂಬ ಪ್ರೋಟೀನು ಸಿನಾಪ್ಸ್ ಸವರುವಿಕೆಯಲ್ಲೂ ಪಾಲ್ಗೊಳ್ಳುತ್ತದೆ, ಅದನ್ನು ಹೆಚ್ಚು ತಯಾರಿಸುವ ಜೀನ್ ರೂಪಗಳು ರೋಗದ ಸಂಭವವನ್ನು ಹೆಚ್ಚಿಸುತ್ತವೆ.

ಧ್ವನಿಗಳು ಎಲ್ಲಿಂದ ಬರುತ್ತವೆಂಬುದಕ್ಕೂ ಉತ್ತರ ರೂಪುಗೊಳ್ಳುತ್ತಿದೆ. ಧ್ವನಿ ಕೇಳಿಸುತ್ತಿರುವ ಹೊತ್ತಿನಲ್ಲಿ ರೋಗಿಯ ಮಿದುಳಿನ ಮಾತು ಮತ್ತು ಶ್ರವಣ ಕೇಂದ್ರಗಳು ಸಕ್ರಿಯವಾಗಿರುತ್ತವೆ. ನಾವು ಮನಸ್ಸಿನಲ್ಲೇ ಮಾತಾಡಿಕೊಳ್ಳುವಾಗ 'ಇದು ನನ್ನದೇ' ಎಂಬ ಮುನ್ಸೂಚನೆ ಶ್ರವಣ ಕೇಂದ್ರಕ್ಕೆ ತಲುಪುತ್ತದೆ. ಈ ರೋಗದಲ್ಲಿ ಆ ಮುನ್ಸೂಚನೆ ಕೆಡುವುದರಿಂದ ಸ್ವಂತದ ಒಳಮಾತು ಹೊರಗಿನವರದ್ದಾಗಿ ಕೇಳುತ್ತದೆ ಎಂದು ಸಂಶೋಧಕರು ವಿವರಿಸುತ್ತಾರೆ.

ರೋಗನಿರ್ಣಯ

ಸ್ಕಿಜೋಫ್ರೇನಿಯಾವನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ಮನೋವೈದ್ಯರ ಸಂದರ್ಶನ, ಮನೆಯವರು ಕೊಡುವ ವೃತ್ತಾಂತ, ಕಾಲಾವಧಿ ಇವೇ ಆಧಾರ. ಡಿಎಸ್‌ಎಂ-5ರ ಪ್ರಕಾರ ಹುಸಿನಂಬಿಕೆ, ಇಂದ್ರಿಯಭ್ರಮೆ, ಅಸ್ತವ್ಯಸ್ತ ಮಾತು, ಅಸ್ತವ್ಯಸ್ತ ಅಥವಾ ಕ್ಯಾಟಟೋನಿಕ್ ನಡವಳಿಕೆ, ಋಣಾತ್ಮಕ ಲಕ್ಷಣ ಇವುಗಳಲ್ಲಿ ಎರಡಾದರೂ ಒಂದು ತಿಂಗಳಿರಬೇಕು. ಒಂದು ಮೊದಲ ಮೂರರಲ್ಲಿನದಾಗಿರಬೇಕು. ರೋಗದ ಚಿಹ್ನೆಗಳು ಒಟ್ಟು ಆರು ತಿಂಗಳು ಉಳಿದು ಕೆಲಸಕಾರ್ಯ ಕುಸಿದಿರಬೇಕು. ಐಸಿಡಿ-11ಕ್ಕೆ ಒಂದು ತಿಂಗಳ ಅವಧಿ ಸಾಕು.

ಸಂದರ್ಶನದಲ್ಲಿ ವೈದ್ಯರು ರೋಗಿಯ ಉಡುಪು, ಕಣ್ಣಿನ ನೋಟ, ಮಾತಿನ ವೇಗದಿಂದ ಮೊದಲ್ಗೊಂಡು ಒಂದೊಂದನ್ನೂ ದಾಖಲಿಸುತ್ತಾರೆ. 'ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ? ಒಬ್ಬರದಾ, ಇಬ್ಬರದಾ? ನಿಮ್ಮ ಜೊತೆ ಮಾತಾಡ್ತಾರಾ, ನಿಮ್ಮ ಬಗ್ಗೆ ಮಾತಾಡ್ತಾರಾ? ಏನಾದರೂ ಮಾಡು ಅಂತ ಹೇಳ್ತಾರಾ?' ಎಂದು ಬಿಡಿಸಿ ಕೇಳುತ್ತಾರೆ. ಕೊನೆಯ ಪ್ರಶ್ನೆ ಆತ್ಮಹತ್ಯೆಯ ಅಪಾಯ ಅಳೆಯಲು ಅತಿಮುಖ್ಯ. ಅಮೂರ್ತವಾಗಿ ಯೋಚಿಸುವ ಶಕ್ತಿ ನೋಡಲು 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬಂಥ ಗಾದೆಯ ಅರ್ಥ ಕೇಳುವುದುಂಟು. 'ಸುಣ್ಣವೂ ಬೆಳ್ಳಗಿರುತ್ತದೆ' ಎಂದಷ್ಟೇ ಹೇಳಿ ನಿಲ್ಲಿಸುವವರಲ್ಲಿ ಆ ಶಕ್ತಿ ಕುಂದಿರಬಹುದು, ಓದು ಮತ್ತು ಪರಿಸರವನ್ನೂ ಗಣನೆಗೆ ತೆಗೆದುಕೊಂಡೇ ತೀರ್ಮಾನಿಸಬೇಕು. ರೋಗದ ತೀವ್ರತೆಯನ್ನು ಅಳೆಯಲು 1987ರಲ್ಲಿ ರೂಪಿಸಿದ ಪ್ಯಾನ್ಸ್ ಮಾಪಕ ವ್ಯಾಪಕವಾಗಿ ಬಳಕೆಯಲ್ಲಿದೆ. ಭಾರತದಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಐಡಿಯಾಸ್ ಎಂಬ ಮಾಪಕ ಬಳಸುತ್ತಾರೆ.

ಬೇರೆ ರೋಗಗಳನ್ನು ಹೊರಗಿಡುವುದು ನಿರ್ಣಯದ ಅರ್ಧ ಕೆಲಸ. ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಮದ್ಯ-ಗಾಂಜಾಗಳ ಪರಿಣಾಮ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಟೆಂಪೊರಲ್ ಹಾಲೆಯ ಅಪಸ್ಮಾರ, ಮಿದುಳಿನ ಗೆಡ್ಡೆ, ಸಿಫಿಲಿಸ್, ಸ್ಟೀರಾಯ್ಡ್ ಔಷಧ ಇವೆಲ್ಲ ಸೈಕೋಸಿಸ್ ತರಬಲ್ಲವು. ರಕ್ತಪರೀಕ್ಷೆ, ಸ್ಕ್ಯಾನ್‌ಗಳ ಉದ್ದೇಶ ಇದೇ. ಭಾರತದಂಥ ದೇಶಗಳಲ್ಲಿ ಥಟ್ಟನೆ ಬಂದು ಕೆಲವೇ ವಾರಗಳಲ್ಲಿ ಪೂರ್ತಿ ಇಳಿಯುವ ಸೈಕೋಸಿಸ್ ಕೂಡ ಸಾಮಾನ್ಯ. ಅದನ್ನು ಸ್ಕಿಜೋಫ್ರೇನಿಯಾ ಎನ್ನುವಂತಿಲ್ಲ.

ಸಮುದಾಯ ಒಪ್ಪಿದ ನಂಬಿಕೆ ರೋಗಲಕ್ಷಣವಾಗದು. ಕರಾವಳಿಯ ಕೋಲದಲ್ಲಿ ಪಾತ್ರಿಗೆ ಬರುವ ಆವೇಶಕ್ಕೆ ನಿಗದಿತ ಸ್ಥಳ, ಹೊತ್ತು, ಕಟ್ಟಳೆಗಳಿವೆ, ಆವೇಶ ಇಳಿದ ಮೇಲೆ ಆತ ತನ್ನ ಬಾಳಿಗೆ ಮರಳುತ್ತಾನೆ. ಊರಿನವರೇ 'ಇದು ಸರಿಯಿಲ್ಲ' ಎಂದು ಗುರುತಿಸುವ, ಬಾಳನ್ನು ಕೆಡಿಸುವ ಸ್ಥಿತಿ ಬೇರೆ.

ಚಿಕಿತ್ಸೆ

ಔಷಧಗಳಿಗೆ ಮೊದಲು ಆಸ್ಪತ್ರೆಗಳಲ್ಲಿ ಇದ್ದದ್ದು ಬಂಧನ ಮತ್ತು ಅಪಾಯದ ಪ್ರಯೋಗಗಳು: ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, 1935ರಲ್ಲಿ ಶುರುವಾದ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೊಬೊಟಮಿ ಶಸ್ತ್ರಕ್ರಿಯೆ. ವಿದ್ಯುತ್ ಚಿಕಿತ್ಸೆ 1938ರಲ್ಲಿ ರೋಮ್‌ನಲ್ಲಿ ಆರಂಭವಾಯಿತು. ಆ ಕಾಲದ ಚಿಕಿತ್ಸೆಗಳಲ್ಲಿ ಇಂದಿಗೂ ಉಳಿದಿರುವುದು ಇದೊಂದೇ.

ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಸರ್ಪಗಂಧದ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುತ್ತದೆಂದು ಭಾರತದ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಅದರಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪೀನನ್ನು ನೇಥನ್ ಕ್ಲೈನ್ ಅಮೆರಿಕದಲ್ಲಿ ಮನೋರೋಗಿಗಳಿಗೆ ಬಳಸಿದರು. ಅದೇ 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ಜಾನ್ ದಲೆ ಮತ್ತು ಪಿಯರ್ ದೆನಿಕೆ ಕ್ಲೋರ್‌ಪ್ರೊಮಜೀನ್ ಬಳಸಿ ಯಶಸ್ಸು ಕಂಡರು. ಮುಂದೆ ಬಳಕೆಯಲ್ಲಿ ಉಳಿದದ್ದು ಇದು. 1958ರಲ್ಲಿ ಹ್ಯಾಲೊಪೆರಿಡಾಲ್ ಬಂತು.

ಹಳೆಯ ಪೀಳಿಗೆಯ ಈ ಔಷಧಗಳಿಂದ ಕತ್ತು ತಿರುಚಿಕೊಳ್ಳುವುದು, ಕೈ ನಡುಕ, ಜೊಲ್ಲು, ಕುಳಿತಲ್ಲಿ ಕೂರಲಾಗದ ಚಡಪಡಿಕೆ, ವರ್ಷಗಳ ಬಳಕೆಯಿಂದ ತುಟಿ-ನಾಲಿಗೆಗಳ ನಿಲ್ಲದ ಚಲನೆ ಬರುತ್ತವೆ. 1990ರ ದಶಕದಿಂದ ಬಂದ ರಿಸ್ಪೆರಿಡೋನ್, ಒಲಾಂಜಪೀನ್, ಕ್ವೆಟಿಯಪೀನ್, ಅರಿಪಿಪ್ರಜೋಲ್‌ಗಳಲ್ಲಿ ಈ ತೊಂದರೆ ಕಡಿಮೆ; ಆದರೆ ತೂಕ, ರಕ್ತದ ಸಕ್ಕರೆ, ಕೊಬ್ಬು ಏರುವ ಅಪಾಯವಿದೆ, ಒಲಾಂಜಪೀನಿನಲ್ಲಿ ವಿಶೇಷವಾಗಿ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸಿ ಮುಟ್ಟು ತಪ್ಪಿಸಬಹುದು. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಹೋಲಿಕೆ ಅಧ್ಯಯನ, ಹೊಸವು ಹಳೆಯವಕ್ಕಿಂತ ಗುಣದಲ್ಲಿ ಬಹಳ ಮೇಲೇನಲ್ಲ ಎಂದು ತೋರಿಸಿತು. ಹಾಗಾಗಿ ಆಯ್ಕೆ ನಡೆಯುವುದು ರೋಗಿಯ ದೇಹಸ್ಥಿತಿ ಮತ್ತು ಅಡ್ಡಪರಿಣಾಮಗಳನ್ನು ತೂಗಿ.

ಉದ್ವೇಗ, ನಿದ್ದೆ ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ. ಧ್ವನಿ, ಸಂಶಯಗಳು ಇಳಿಯಲು ವಾರಗಳು ಬೇಕು. ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದೇ ರೋಗ ಮರುಕಳಿಸಲು ಅತಿ ದೊಡ್ಡ ಕಾರಣ. 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಒಂದು ವರ್ಷದೊಳಗೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ಶೇ. 27, ನಿಲ್ಲಿಸಿದವರಲ್ಲಿ ಶೇ. 64. ಮೊದಲ ಸಲದ ರೋಗಕ್ಕೆ ಒಂದೆರಡು ವರ್ಷ, ಪದೇ ಪದೇ ಬಂದರೆ ಐದು ವರ್ಷ ಅಥವಾ ಹೆಚ್ಚು ಕಾಲ ಔಷಧ ಬೇಕಾಗುತ್ತದೆ. ದಿನವೂ ನುಂಗುವುದು ಕಷ್ಟವಾದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲುಫೆನಜೀನ್ ಇಂಜೆಕ್ಷನ್, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆಯ ಪ್ಯಾಲಿಪೆರಿಡೋನ್ ಇವೆ. ಹಳೆಯ ಫ್ಲುಫೆನಜೀನ್ ಅಗ್ಗ.

ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಇಳಿಯದ ರೋಗ ಸುಮಾರು ಮೂರನೆಯ ಒಂದರಷ್ಟು ಜನರಲ್ಲಿದೆ. ಇವರಿಗೆ ಕ್ಲೋಜಪೀನ್. 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿರಕ್ತಕಣಗಳು ಕುಸಿದು ರೋಗಿಗಳು ಸತ್ತದ್ದರಿಂದ ಇದನ್ನು ಹಲವೆಡೆ ಹಿಂತೆಗೆದುಕೊಂಡಿದ್ದರು. 1988ರಲ್ಲಿ ಜಾನ್ ಕೇನ್ ತಂಡ, ಬೇರಾವುದಕ್ಕೂ ಬಗ್ಗದ ರೋಗಿಗಳಲ್ಲಿ ಕ್ಲೋಜಪೀನಿಗೆ ಶೇ. 30 ಮಂದಿ, ಕ್ಲೋರ್‌ಪ್ರೊಮಜೀನಿಗೆ ಶೇ. 4 ಮಂದಿ ಸ್ಪಂದಿಸಿದರೆಂದು ತೋರಿಸಿದ ಮೇಲೆ ಅದು ಮರಳಿ ಬಂತು. ಆತ್ಮಹತ್ಯೆಯನ್ನು ತಗ್ಗಿಸುವ ಗುಣವೂ ಇದಕ್ಕಿದೆ. ಶುರುವಿನ 18 ವಾರ ಪ್ರತಿ ವಾರ, ಆಮೇಲೆ ಅಂತರ ಹೆಚ್ಚಿಸಿ ರಕ್ತಪರೀಕ್ಷೆ ಮಾಡಿಸುವುದು ಕ್ರಮ. ಜ್ವರ, ಗಂಟಲುನೋವು ಬಂದರೆ ತಡಮಾಡದೆ ಬಿಳಿಕಣಗಳ ಎಣಿಕೆ ಆಗಬೇಕು. ಮಲಬದ್ಧತೆಯನ್ನು ಕಡೆಗಣಿಸಿದರೆ ಪ್ರಾಣಕ್ಕೆ ಕುತ್ತು. ಬೀಡಿ-ಸಿಗರೇಟಿನ ಹೊಗೆ ಈ ಔಷಧದ ರಕ್ತಮಟ್ಟವನ್ನು ಇಳಿಸುತ್ತದೆ. ಥಟ್ಟನೆ ಸೇದುವುದು ಬಿಟ್ಟರೆ ಅದೇ ಪ್ರಮಾಣ ಅತಿಯಾಗಬಹುದು.

2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಅನುಮತಿಸಿದ ಜನೋಮೆಲಿನ್-ಟ್ರೋಸ್ಪಿಯಂ ಡಿ2 ಗ್ರಾಹಕವನ್ನು ಮುಟ್ಟದೆ ಮಸ್ಕರಿನಿಕ್ ಗ್ರಾಹಕಗಳ ಮೂಲಕ ಕೆಲಸ ಮಾಡುವ ಮೊದಲ ಔಷಧ. ಕ್ಯಾಟಟೋನಿಯಾಕ್ಕೆ ಲೊರಾಜೆಪಾಮ್, ಅದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ವಿದ್ಯುತ್ ಚಿಕಿತ್ಸೆ ಒಳ್ಳೆಯ ಫಲ ಕೊಡುತ್ತವೆ.

ಮಾತ್ರೆಯೊಂದೇ ಸಾಲದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನಗಳು, ಸದಾ ಟೀಕೆ, ಹಗೆತನ ಅಥವಾ ಅತಿಯಾದ ಕಾಳಜಿ ತುಂಬಿದ ಮನೆಗೆ ಮರಳಿದವರಲ್ಲಿ ರೋಗ ಬೇಗ ಮರುಕಳಿಸುತ್ತದೆಂದು ತೋರಿಸಿದವು. ಮನೆಯವರಿಗೆ ರೋಗದ ತಿಳಿವಳಿಕೆ ಕೊಡುವುದು ಆದ್ದರಿಂದ ಚಿಕಿತ್ಸೆಯ ಅಂಗ. ಅರಿವು-ವರ್ತನೆಯ ಚಿಕಿತ್ಸೆ, ಸಾಮಾಜಿಕ ಕೌಶಲಗಳ ಕಲಿಕೆ, ಉದ್ಯೋಗ ತರಬೇತಿ ಕೂಡ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ ಔಷಧದ ಜೊತೆ ಯೋಗ ಮಾಡಿದವರ ಋಣಾತ್ಮಕ ಲಕ್ಷಣಗಳು ಸುಧಾರಿಸಿದವು. ಯೋಗ ಔಷಧಕ್ಕೆ ಪೂರಕ, ಬದಲಿಯಲ್ಲ.

ರೋಗದ ಗತಿ

ಒಂದೇ ಸಲ ಬಂದು ಮತ್ತೆ ಬಾರದವರಿದ್ದಾರೆ. ಏಳುಬೀಳುಗಳ ನಡುವೆಯೂ ದುಡಿದು ಬಾಳುವವರಿದ್ದಾರೆ. ದೀರ್ಘ ವೈಕಲ್ಯದಲ್ಲಿ ಉಳಿಯುವವರೂ ಇದ್ದಾರೆ. ಗಣಿತಜ್ಞ ಜಾನ್ ನ್ಯಾಷ್ ದಶಕಗಳ ರೋಗದ ನಂತರ ಚೇತರಿಸಿಕೊಂಡು 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಿಂದ ನಡೆಸಿದ ಬಹುರಾಷ್ಟ್ರೀಯ ಅಧ್ಯಯನಗಳಲ್ಲಿ ಆಗ್ರಾ, ಚಂಡೀಗಢದಂಥ ಕೇಂದ್ರಗಳ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಹೆಚ್ಚು ಸುಧಾರಿಸಿದರು. ಕುಟುಂಬದ ಆಸರೆ ಕಾರಣವೆಂದು ಹಲವರು ಹೇಳಿದರೂ ಚರ್ಚೆ ಮುಗಿದಿಲ್ಲ.

ರೋಗಿಗಳ ಆಯುಸ್ಸು ಇತರರಿಗಿಂತ 10ರಿಂದ 20 ವರ್ಷ ಕಡಿಮೆ. ಹೃದ್ರೋಗ, ಮಧುಮೇಹ, ತಂಬಾಕು ಮುಖ್ಯ ಕಾರಣ. ಸುಮಾರು ಶೇ. 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ, ರೋಗದ ಮೊದಲ ವರ್ಷಗಳಲ್ಲಿ ಅಪಾಯ ಅತಿ ಹೆಚ್ಚು. ರೋಗಿಗಳೆಲ್ಲ ಅಪಾಯಕಾರಿಗಳೆಂಬುದು ತಪ್ಪು. ಅವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾ ಬಳಿಯ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನೂ ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿತು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಕೊಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನು ಅಂಗವೈಕಲ್ಯದ ಪಟ್ಟಿಯಲ್ಲಿರಿಸಿದೆ. ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನ ಕಲಮಿನಲ್ಲಿ ಸ್ಕಿಜೋಫ್ರೇನಿಯಾದ ಹೆಸರೇ ಇದ್ದರೂ, ರೋಗದ ಹಣೆಪಟ್ಟಿಯೊಂದೇ ವಿಚ್ಛೇದನಕ್ಕೆ ಸಾಲದು, ಅದರ ತೀವ್ರತೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿದೆ.

ಚೆನ್ನೈಯಲ್ಲಿ 1984ರಲ್ಲಿ ಶಾರದಾ ಮೆನನ್ ಸ್ಥಾಪಿಸಿದ ಸ್ಕಾರ್ಫ್ ಈ ರೋಗಕ್ಕೇ ಮೀಸಲಾದ ಸಂಸ್ಥೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ಅದೇ ಸಂಸ್ಥೆ ಸ್ಕಿಜೋಫ್ರೇನಿಯಾ ಇದ್ದವರನ್ನು ಮನೆಮನೆಯ ಮಟ್ಟದಲ್ಲಿ ಗುರುತಿಸಿ ಹಿಂಬಾಲಿಸಿತು. ವರ್ಷಗಟ್ಟಲೆ ಔಷಧವನ್ನೇ ಕಾಣದವರು ಅಲ್ಲಿ ಸಿಕ್ಕರು. ತೀರ್ಥಹಳ್ಳಿಯ ಅಧ್ಯಯನದಲ್ಲಿ ಸಾಮಾನ್ಯ ಮಾತ್ರೆಗಳ ಚಿಕಿತ್ಸೆ ಪಡೆದವರ ವೈಕಲ್ಯ ತಗ್ಗಿತು, ಪಡೆಯದವರದ್ದು ಹಾಗೆಯೇ ಉಳಿಯಿತು.

ಕಳಂಕ ಈಗಲೂ ಚಿಕಿತ್ಸೆಗೆ ಅಡ್ಡಿ. ಗುಣವಾಗಿ ಬಂದ ಹೆಣ್ಣನ್ನು ಮನೆ-ಸಮಾಜಗಳು ಹೇಗೆ ಮತ್ತೆ ರೋಗಕ್ಕೆ ತಳ್ಳುತ್ತವೆಂಬುದನ್ನು ತ್ರಿವೇಣಿಯವರ 'ಶರಪಂಜರ' ಕಾದಂಬರಿ ಚಿತ್ರಿಸಿದೆ. ಅಲ್ಲಿನದು ಬಾಣಂತಿಯ ಮನೋರೋಗ, ಆದರೆ ಸ್ಕಿಜೋಫ್ರೇನಿಯಾ ಇರುವವರ ಪಾಡೂ ಅದೇ. ರೋಗ ಶುರುವಾದಂದಿನಿಂದ ಚಿಕಿತ್ಸೆ ಸಿಗುವವರೆಗಿನ ಅವಧಿ ಉದ್ದವಾದಷ್ಟೂ ಚೇತರಿಕೆ ಕುಂಠಿತವಾಗುತ್ತದೆ. ಧ್ವನಿ ಕೇಳಿಸುವ, ಸಂಶಯದಲ್ಲಿ ಮುಳುಗಿದ, ಮೂಲೆ ಸೇರಿದ ಯುವಕ-ಯುವತಿಯರನ್ನು ಹರಕೆ, ಮಂತ್ರವಾದಿಗಳ ಸುತ್ತು ಮುಗಿಯುವವರೆಗೆ ಕಾಯಿಸದೆ ಮನೋವೈದ್ಯರ ಬಳಿಗೆ ಕರೆತರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದ್ದು ಔಷಧ ಉಚಿತವಾಗಿ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.